ಹಳೆಯ ಡೀಸೆಲ್ ಕಾರು: ಇಂಧನ ಪೂರೈಕೆಯ ದೋಷಪತ್ತೆ

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಅದುಮಿ ಕಾಯಿಸಿದ ಗಾಳಿಗೆ ಸರಿಯಾದ ಗಳಿಗೆಯಲ್ಲಿ, ಸರಿಯಾದ ಅಳತೆಯಲ್ಲಿ ಡೀಸೆಲ್ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಹಳೆಯ ಡೀಸೆಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೂ, ಏರಿನಲ್ಲಿ ಎಳೆಯದಿದ್ದರೂ, ನಡುದಾರಿಯಲ್ಲಿ ನಿಂತರೂ ಅನುಮಾನ ಮೊದಲು ಹೋಗುವುದು ಇಂಧನದ ಮೇಲೆ. ಟ್ಯಾಂಕಿನಿಂದ ನಾಝಲ್ ತುದಿಯವರೆಗಿನ ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡಿದೆ, ಎಲ್ಲಿ ಗಾಳಿ ಸೇರುತ್ತಿದೆ, ಎಲ್ಲಿ ಒತ್ತಡ ಸಾಲುತ್ತಿಲ್ಲ ಎಂದು ಕ್ರಮವಾಗಿ ಹುಡುಕುವುದೇ ಇಂಧನ ಪೂರೈಕೆಯ ದೋಷಪತ್ತೆ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಕಡೆ ಗಾಡಿ ನಿಂತಾಗ ಬಾಯಿಗೆ ಮೊದಲು ಬರುವ ತೀರ್ಪು ‘ಪಂಪು ಹೋಗಿದೆ’ ಎಂಬುದು. ಹಳೆಯ ಗಾಡಿಗಳಲ್ಲಿ ಈ ತೀರ್ಪು ತಪ್ಪಾಗುವ ಸಂದರ್ಭವೇ ಹೆಚ್ಚು. ಇಂಜೆಕ್ಷನ್ ಪಂಪು ಇಡೀ ವ್ಯವಸ್ಥೆಯಲ್ಲಿ ದುಬಾರಿ ಭಾಗ, ಆದರೆ ಗಟ್ಟಿ ಭಾಗವೂ ಹೌದು. ಕೈಕೊಡುವುದು ಬಹುಪಾಲು ಅದಕ್ಕೆ ಡೀಸೆಲ್ ತಂದುಕೊಡುವ ರಬ್ಬರ್ ಪೈಪು, ಕ್ಲಿಪ್ಪು, ವಾಷರು, ಫಿಲ್ಟರು. ಪಂಪನ್ನು ಬಿಚ್ಚಿದರೆ ಕ್ಯಾಲಿಬ್ರೇಶನ್ ಬೆಂಚಿಗಾಗಿ ಹೆಚ್ಚಾಗಿ ಮೈಸೂರಿಗೇ ಒಯ್ಯಬೇಕು. ಮತ್ತೆ ಕೂರಿಸುವಾಗ ಟೈಮಿಂಗ್ ತಪ್ಪುವ ಅಪಾಯ ಬೇರೆ. ಆದ್ದರಿಂದ ತಪಾಸಣೆ ಟ್ಯಾಂಕಿನಿಂದ ಶುರುವಾಗಿ ಪಂಪಿನ ಕಡೆಗೆ ಬರಬೇಕು.

ಈ ಭಾಗದ ಗಾಡಿಗಳು

ಡೀಸೆಲ್ ಎಂಜಿನ್ನಿನ ಪ್ರಯಾಣಿಕ ಕಾರು ಜರ್ಮನಿಯ ಮರ್ಸಿಡಿಸ್ 260 ಡಿ ರೂಪದಲ್ಲಿ 1936ರಲ್ಲೇ ಬಂದಿತ್ತು. ಭಾರತದ ಸಾಮಾನ್ಯ ಕೊಳ್ಳುಗನಿಗೆ ಅದು ಸಿಕ್ಕಿದ್ದು 1980ರಲ್ಲಿ, ಅಂಬಾಸಿಡರ್ ಡೀಸೆಲ್ ಬಂದಾಗ. 1994ರಲ್ಲಿ ಟಾಟಾ ಸುಮೊ, 1998ರ ಕೊನೆಗೆ ಇಂಡಿಕಾ, 2000ದಲ್ಲಿ ಟೊಯೋಟಾ ಕ್ವಾಲಿಸ್ ಮತ್ತು ಮಹೀಂದ್ರಾ ಬೊಲೆರೊ ಬಂದವು. ಇವುಗಳ ಜೊತೆಗೆ ಮಹೀಂದ್ರಾ ಜೀಪುಗಳನ್ನೂ ಟ್ರ್ಯಾಕ್ಸ್‌ಗಳನ್ನೂ ಸೇರಿಸಿಕೊಂಡರೆ ಈ ನಾಲ್ಕು ತಾಲ್ಲೂಕುಗಳ ಹಳೆಯ ಡೀಸೆಲ್ ಗಾಡಿಗಳ ಚಿತ್ರ ಹೆಚ್ಚುಕಡಿಮೆ ಪೂರ್ಣವಾಗುತ್ತದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದರೂ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಲು ಅವಕಾಶವಿರುವುದರಿಂದ ಇಂಥವು ಇನ್ನೂ ಓಡಾಡುತ್ತಿವೆ.

ಇವು ಮಾಡುವ ಕೆಲಸವೂ ದೋಷದ ಸ್ವರೂಪವನ್ನು ನಿರ್ಧರಿಸುತ್ತದೆ. ಕೆ.ಆರ್. ನಗರದ್ದು ಕಾವೇರಿ ನಾಲೆಯ ಬತ್ತದ ಸೀಮೆ, ರಸ್ತೆ ಬಹುತೇಕ ಮಟ್ಟಸ. ಅರ್ಧ ಕಟ್ಟಿಕೊಂಡ ಫಿಲ್ಟರ್ ಅಲ್ಲಿ ತಿಂಗಳುಗಟ್ಟಲೆ ಗೊತ್ತೇ ಆಗದೆ ಉಳಿಯಬಹುದು. ಅದೇ ಗಾಡಿ ಪಿರಿಯಾಪಟ್ಟಣ ದಾಟಿ ಕೊಡಗಿನ ಕಡೆ ತಿರುಗಿದ ದಿನ ಏರಿನಲ್ಲಿ ಉಸಿರು ಕಟ್ಟುತ್ತದೆ. ಹುಣಸೂರು–ಪಿರಿಯಾಪಟ್ಟಣದ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆಯಲ್ಲಿ ಕಗ್ಗುಂಡಿ, ಚಿಲ್ಕುಂದ, ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗಳು ನಡೆಯುವ ತಿಂಗಳುಗಳಲ್ಲಿ ಜೀಪಿಗೆ ಬಿಡುವಿಲ್ಲ. ಹಂಗಾಮು ಮುಗಿದರೆ ಅದೇ ಜೀಪು ಅರ್ಧ ಟ್ಯಾಂಕ್ ಡೀಸೆಲ್ ಇಟ್ಟುಕೊಂಡು ಶೆಡ್ಡಿನಲ್ಲಿ ನಿಲ್ಲುತ್ತದೆ. ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ಬಾವಲಿಯ ಕಡೆ ಹೋಗುವ ರಸ್ತೆ ನಾಗರಹೊಳೆಯ ಕಾಡಿನೊಳಗೆ ಸಾಗುತ್ತದೆ. ರಾತ್ರಿ ಗೇಟು ಮುಚ್ಚುತ್ತದೆ, ಹಗಲಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸುವಂತಿಲ್ಲ. ಪೈಪಿಗೆ ಗಾಳಿ ಸೇರಿ ‘ಏರ್ ಹಿಡಿದ’ ಗಾಡಿಯ ಬಾನೆಟ್ ಎತ್ತಿ ನಿಲ್ಲುವ ಜಾಗವಲ್ಲ ಅದು.

ಎಳೆಯುವ ಬದಿ, ತಳ್ಳುವ ಬದಿ

ದೋಷಪತ್ತೆಯ ಮುಕ್ಕಾಲು ಭಾಗ ಒಂದೇ ತಿಳಿವಳಿಕೆಯ ಮೇಲೆ ನಿಂತಿದೆ. ಟ್ಯಾಂಕಿನಿಂದ ಡೀಸೆಲನ್ನು ಒಂದು ಪಂಪು ಹೀರಿ ತರುತ್ತದೆ. ಅಲ್ಲಿಯವರೆಗಿನ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿಂದಾಚೆ ಒತ್ತಡ ಹೆಚ್ಚು. ಎಳೆಯುವ ಬದಿಯಲ್ಲಿ ಬಿರುಕಿದ್ದರೆ ಡೀಸೆಲ್ ಹೊರಕ್ಕೆ ಸೋರುವುದಿಲ್ಲ, ಗಾಳಿ ಒಳಕ್ಕೆ ನುಗ್ಗುತ್ತದೆ. ತಳ್ಳುವ ಬದಿಯಲ್ಲಿ ಬಿರುಕಿದ್ದರೆ ಡೀಸೆಲ್ ತೊಟ್ಟಿಕ್ಕುತ್ತದೆ. ‘ಎಲ್ಲೂ ಲೀಕ್ ಇಲ್ಲ, ಪೈಪೆಲ್ಲ ಒಣಗಿದೆ’ ಎನ್ನುವ ಮಾತು ಎಳೆಯುವ ಬದಿಯ ಮಟ್ಟಿಗೆ ಏನನ್ನೂ ಸಾಬೀತು ಮಾಡುವುದಿಲ್ಲ.

ಗಾಡಿಯಿಂದ ಗಾಡಿಗೆ ಈ ಗಡಿ ಬದಲಾಗುತ್ತದೆ. ಅಂಬಾಸಿಡರ್ ಡೀಸೆಲಿನಲ್ಲಿ ಎಂಜಿನ್ ಮಗ್ಗುಲಿಗೆ ಕೈಯಿಂದ ಒತ್ತುವ ಸನ್ನೆಯುಳ್ಳ ಪ್ರತ್ಯೇಕ ಫೀಡ್ ಪಂಪು ಇರುತ್ತದೆ. ಅದು ಟ್ಯಾಂಕಿನಿಂದ ಹೀರಿ ಫಿಲ್ಟರಿಗೆ ತಳ್ಳುತ್ತದೆ. ಅಲ್ಲಿ ಫಿಲ್ಟರ್ ತಳ್ಳುವ ಬದಿಯಲ್ಲಿದೆ. ಟ್ರ್ಯಾಕ್ಸಿನಲ್ಲಿದ್ದಂಥ ಸಾಲು (ಇನ್‌ಲೈನ್) ಪಂಪುಗಳಲ್ಲೂ ಹಾಗೆಯೇ, ಫೀಡ್ ಪಂಪು ಇಂಜೆಕ್ಷನ್ ಪಂಪಿನ ಮೈಗೇ ಅಂಟಿಕೊಂಡಿರುತ್ತದೆ. ಇಂಡಿಕಾದಂಥ ರೋಟರಿ ಪಂಪಿನ ಕಾರುಗಳಲ್ಲಿ ಹೀರುವ ಕೆಲಸ ಇಂಜೆಕ್ಷನ್ ಪಂಪಿನೊಳಗಿನ ಪುಟ್ಟ ವೇನ್ ಪಂಪಿನದು. ಅಲ್ಲಿ ಟ್ಯಾಂಕಿನಿಂದ ಪಂಪಿನ ಬಾಯಿಯವರೆಗೆ, ಫಿಲ್ಟರೂ ಸೇರಿ, ಎಲ್ಲವೂ ಎಳೆಯುವ ಬದಿ. ಫಿಲ್ಟರಿನ ರಬ್ಬರ್ ರಿಂಗ್ ಸರಿಯಾಗಿ ಕೂರದಿದ್ದರೆ ಅಂಬಾಸಿಡರಿನಲ್ಲಿ ನೆಲದ ಮೇಲೆ ಡೀಸೆಲ್ ಕಾಣುತ್ತದೆ. ಇಂಡಿಕಾದಲ್ಲಿ ಏನೂ ಕಾಣದೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಬಾಷ್ ಕಂಪನಿಯ ಸಾಲು ಪಂಪು 1927ರಲ್ಲಿ ತಯಾರಿಕೆಗೆ ಬಂತು. ನಮ್ಮಲ್ಲಿ ಈ ಪಂಪುಗಳ ಹೆಸರು ಮೈಕೊ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಪಂಪು, ನಾಝಲ್‌ಗಳನ್ನು ತಯಾರಿಸುತ್ತಿತ್ತು; 2008ರಲ್ಲಿ ಅದು ಬಾಷ್ ಲಿಮಿಟೆಡ್ ಆಯಿತು. ಹೆಸರು ಬದಲಾಗಿ ಇಷ್ಟು ಕಾಲವಾದರೂ ಗ್ಯಾರೇಜುಗಳಲ್ಲಿ ಅದು ಮೈಕೊ ಪಂಪೇ.

ಮೊದಲು ನೋಡಬೇಕಾದದ್ದು ಹೊಗೆ

ಸೆಲ್ಫ್ ಹೊಡೆಯುವಾಗ ಒಬ್ಬರು ಸೈಲೆನ್ಸರ್ ಬಳಿ ನಿಂತಿರಬೇಕು. ಎಂಜಿನ್ ತಿರುಗುತ್ತಿದೆ, ಹೊಗೆಯೇ ಇಲ್ಲ ಎಂದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಅಥವಾ ಬೂದು ಹೊಗೆ ಬರುತ್ತಿದ್ದು ಎಂಜಿನ್ ಹತ್ತುತ್ತಿಲ್ಲ ಎಂದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಆಗ ನೋಡಬೇಕಾದ್ದು ಸಿಲಿಂಡರಿನೊಳಗನ್ನು ಕಾಯಿಸುವ ಹೀಟರ್ ಪ್ಲಗ್, ಬ್ಯಾಟರಿ, ಕಂಪ್ರೆಶನ್, ಟೈಮಿಂಗ್. ಕಾಸು ಖರ್ಚಿಲ್ಲದ ಈ ಒಂದು ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ. ಆದರೂ ಇದನ್ನು ಮಾಡದೆ ಸ್ಪ್ಯಾನರ್ ಹಿಡಿಯುವವರೇ ಜಾಸ್ತಿ.

ಹೊಗೆಯೇ ಇಲ್ಲದಿದ್ದಾಗ ಫಿಲ್ಟರ್ ಬಿಚ್ಚುವ ಮೊದಲು ಸ್ಟಾಪ್ ಸೊಲೆನಾಯ್ಡ್ ನೋಡಬೇಕು. ರೋಟರಿ ಪಂಪಿನ ತಲೆಯ ಮೇಲೆ ಒಂದೇ ತಂತಿ ಬಂದು ಸೇರುವ ಸಣ್ಣ ಕೊಳವೆಯಂಥ ಭಾಗ ಅದು. ಕೀ ತಿರುಗಿಸಿದಾಗ ‘ಟಿಕ್’ ಎನ್ನಬೇಕು. ತಂತಿ ಸಡಿಲವಾಗಿದ್ದರೆ ಅಥವಾ ಫ್ಯೂಸ್ ಹೋಗಿದ್ದರೆ ಪಂಪಿನೊಳಗಿನ ಡೀಸೆಲ್ ದಾರಿ ಮುಚ್ಚಿಯೇ ಇರುತ್ತದೆ. ಬ್ಯಾಟರಿಯಿಂದ ನೇರವಾಗಿ ಒಂದು ತಂತಿ ಕೊಟ್ಟು ನೋಡಿದರೆ ವಿಷಯ ಇತ್ಯರ್ಥವಾಗುತ್ತದೆ. ಹಳೆಯ ಅಂಬಾಸಿಡರಿನಲ್ಲಿ ಈ ಕೆಲಸ ಎಳೆದು ನಿಲ್ಲಿಸುವ ಕೇಬಲಿನದು. ಕೇಬಲ್ ತುಕ್ಕು ಹಿಡಿದು ಅರ್ಧದಲ್ಲಿ ಸಿಕ್ಕಿಕೊಂಡರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಓಡುವಾಗಿನ ಹೊಗೆ ಬೇರೆಯೇ ಕತೆ ಹೇಳುತ್ತದೆ. ಕರಿ ಹೊಗೆಗೆ ಡೀಸೆಲ್ ಹೆಚ್ಚಾಗಿದ್ದಷ್ಟೇ ಕಾರಣವಲ್ಲ, ಗಾಳಿ ಕಡಿಮೆಯಾದರೂ ಬರುತ್ತದೆ. ಬೇಸಿಗೆಯ ಮಣ್ಣು ರಸ್ತೆಯಲ್ಲಿ ಓಡಿದ ಜೀಪಿನ ಏರ್ ಫಿಲ್ಟರನ್ನು ನೋಡದೆ ಪಂಪಿನ ಡೀಸೆಲ್ ಕಡಿಮೆ ಮಾಡಿಸುವುದು ತಪ್ಪು ಚಿಕಿತ್ಸೆ. ನೀಲಿ ಹೊಗೆ ಎಂಜಿನ್ ಆಯಿಲಿನದು; ಅದಕ್ಕೂ ಇಂಧನ ದಾರಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ಭಾರತ್ ಸ್ಟೇಜ್ (ಬಿಎಸ್) 4 ಮಾಲಿನ್ಯ ಮಾನದಂಡಕ್ಕಿಂತ ಹಳೆಯ ಡೀಸೆಲ್ ಗಾಡಿಗಳಿಗೆ ಹೊಗೆ ತಪಾಸಣೆಯ ಮಿತಿ 65 ಹಾರ್ಟ್ರಿಜ್ ಘಟಕ.

ಏರ್ ಹಿಡಿಯುವುದು

ಸಂಜೆ ಚೆನ್ನಾಗಿ ಓಡಿದ ಗಾಡಿ ಬೆಳಿಗ್ಗೆ ಹತ್ತು ಸಲ ಸೆಲ್ಫ್ ಹೊಡೆದ ಮೇಲೆ ಕೆಮ್ಮುತ್ತಾ ಎದ್ದು, ಆಮೇಲೆ ಇಡೀ ದಿನ ತಕರಾರಿಲ್ಲದೆ ಓಡಿದರೆ, ರಾತ್ರಿ ಪೈಪಿನೊಳಗೆ ಗಾಳಿ ಸೇರಿ ಡೀಸೆಲ್ ಟ್ಯಾಂಕಿಗೆ ವಾಪಸ್ಸು ಇಳಿದಿದೆ ಎಂದರ್ಥ. ಪತ್ತೆ ಮಾಡುವುದು ಸುಲಭ. ಸೆಲ್ಫ್ ಹೊಡೆಯುವ ಮೊದಲು ಫಿಲ್ಟರ್ ಮೇಲಿನ ಹ್ಯಾಂಡ್ ಪ್ರೈಮರನ್ನು ಗಟ್ಟಿಯಾಗುವವರೆಗೆ ಒತ್ತಬೇಕು. ತಕ್ಷಣ ಸ್ಟಾರ್ಟ್ ಆದರೆ ರೋಗ ಸಿಕ್ಕಿತು. ಹೀಟರ್ ಪ್ಲಗ್ಗಿನ ದೋಷವಾಗಿದ್ದರೆ ಪ್ರೈಮರ್ ಒತ್ತಿದರೂ ಪ್ರಯೋಜನವಾಗದು. ಇನ್ನೊಂದು ಪರೀಕ್ಷೆಗೆ ಕೈ ಮಸಿ ಮಾಡಿಕೊಳ್ಳಬೇಕಾಗಿಯೇ ಇಲ್ಲ: ಇಳಿಜಾರಿನಲ್ಲಿ ಒಂದು ರಾತ್ರಿ ಮೂತಿ ಮೇಲಾಗಿ, ಇನ್ನೊಂದು ರಾತ್ರಿ ಮೂತಿ ಕೆಳಗಾಗಿ ನಿಲ್ಲಿಸಿ ನೋಡಬೇಕು. ಟ್ಯಾಂಕು ಹಿಂದಿರುವ ಗಾಡಿ ಮೂತಿ ಮೇಲಾದಾಗ ಮಾತ್ರ ಕಾಟ ಕೊಟ್ಟರೆ ಗಾಳಿಯದೇ ಕೆಲಸ.

ಎಲ್ಲಿಂದ ಸೇರುತ್ತಿದೆ ಎಂದು ಕಾಣಲು ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ಪೈಪು ಸಾಕು. ಅದನ್ನು ಫಿಲ್ಟರಿಗೂ ಪಂಪಿಗೂ ನಡುವೆ ತಾತ್ಕಾಲಿಕವಾಗಿ ಸೇರಿಸಿ ಎಂಜಿನ್ ಓಡಿಸಬೇಕು. ಸ್ಟಾರ್ಟ್ ಆದೊಡನೆ ಒಂದೆರಡು ಗುಳ್ಳೆ ಹೋಗಿ ನಿಂತರೆ ಸರಿ. ಸಾಲುಸಾಲಾಗಿ ಬರುತ್ತಲೇ ಇದ್ದರೆ ಪೈಪನ್ನು ಹಂತಹಂತವಾಗಿ ಟ್ಯಾಂಕಿನ ಕಡೆಗೆ ಸರಿಸುತ್ತಾ ಹೋಗಬೇಕು. ಗುಳ್ಳೆ ನಿಂತ ಜಾಗಕ್ಕೂ ಹಿಂದಿನ ಜಾಗಕ್ಕೂ ನಡುವೆಯೇ ತೂತಿದೆ. ಸಡಿಲವಾದ ಕ್ಲಿಪ್ಪು, ಮತ್ತೆ ಮತ್ತೆ ಬಳಸಿ ಚಪ್ಪಟೆಯಾದ ತಾಮ್ರದ ವಾಷರು, ಪ್ರೈಮರಿನ ಹರಿದ ರಬ್ಬರು, ನೀರು ಬಿಡುವ ತಿರುಪು, ಬಾಡಿಯ ಕ್ಲಾಂಪಿನ ಕೆಳಗೆ ತುಕ್ಕು ತಿಂದ ಕಬ್ಬಿಣದ ಪೈಪು: ಮಾಮೂಲಿ ಜಾಗಗಳು ಇವು. ಬತ್ತದ ಹುಲ್ಲಿನ ಬಣವೆ ಪಕ್ಕ ಗಾಡಿ ನಿಲ್ಲಿಸುವ ಮನೆಗಳಲ್ಲಿ ಇಲಿಯ ಹಲ್ಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡು ದೋಷಗಳು ಅನುಭವಸ್ಥರನ್ನೂ ದಾರಿ ತಪ್ಪಿಸುತ್ತವೆ. ಟ್ಯಾಂಕಿನೊಳಗಿನ ಹೀರುವ ಕೊಳವೆಯ ಮೇಲ್ಭಾಗದಲ್ಲಿ ತುಕ್ಕಿನ ಸಣ್ಣ ತೂತಾದರೆ, ಟ್ಯಾಂಕು ತುಂಬಿರುವಾಗ ಅದು ಡೀಸೆಲಿನಲ್ಲಿ ಮುಳುಗಿರುತ್ತದೆ, ಗಾಡಿ ಸರಿಯಾಗಿಯೇ ಓಡುತ್ತದೆ. ಮಟ್ಟ ಇಳಿದು ತೂತು ಹೊರಬಿದ್ದಾಗ ಮಾತ್ರ ಗಾಳಿ ಸೇರುತ್ತದೆ. ‘ಕಾಲು ಟ್ಯಾಂಕಿಗೆ ಬಂದರೆ ನಿಂತುಬಿಡುತ್ತೆ’ ಎಂದು ಮಾಲೀಕ ಹೇಳಿದರೆ ಅದನ್ನು ಗಂಭೀರವಾಗಿ ಕೇಳಿಸಿಕೊಳ್ಳಬೇಕು. ಎರಡನೆಯದು ವಾಪಸ್ ಪೈಪು. ನಾಝಲ್‌ಗಳ ತಲೆಯಿಂದ ಹೆಚ್ಚಾದ ಡೀಸೆಲ್ ಹಿಂದಕ್ಕೆ ಒಯ್ಯುವ ಸಣಕಲು ರಬ್ಬರ್ ಪೈಪು, ಕೊನೆಯ ನಾಝಲ್ ಮೇಲಿನ ಮುಚ್ಚಳ ಇವೆರಡೂ ಬಿಸಿಗೆ ಬಿರುಕು ಬಿಡುತ್ತವೆ. ಓಡುವಾಗ ತುಸು ಡೀಸೆಲ್ ವಾಸನೆ, ನಿಲ್ಲಿಸಿದ ಮೇಲೆ ಅಲ್ಲಿಂದಲೇ ಗಾಳಿ.

ಸೇರಿದ ಗಾಳಿಯನ್ನು ತೆಗೆಯುವ ಕ್ರಮ ಟ್ಯಾಂಕಿನ ಕಡೆಯಿಂದ ಎಂಜಿನ್ ಕಡೆಗೆ. ಮೊದಲು ಫಿಲ್ಟರ್ ಮೇಲಿನ ತಿರುಪು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಹೊಡೆಯಬೇಕು. ನಂತರ ಇಂಜೆಕ್ಷನ್ ಪಂಪಿನ ತಿರುಪು. ಕೊನೆಗೆ ನಾಝಲ್ ಕಡೆಯ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಜಿನುಗಿದ ಮೇಲೆ ಬಿಗಿಯಬೇಕು. ಈ ಕೆಲಸ ಮಾಡದೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದರೆ ಹಗ್ಗ ಸವೆಯುತ್ತದೆ, ಅಷ್ಟೆ. ಪೆಟ್ರೋಲ್ ಅದ್ದಿದ ಬಟ್ಟೆಯನ್ನು ಗಾಳಿಯ ಬಾಯಿಗೆ ಹಿಡಿದು ಎಬ್ಬಿಸುವುದು, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಅಪಾಯಕಾರಿ; ಕಾದ ಪ್ಲಗ್ಗಿಗೆ ತಾಗಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ರಿಂಗು, ಪಿಸ್ಟನ್ ಒಡೆಯಬಹುದು.

ಕಟ್ಟಿಕೊಂಡ ದಾರಿ

ಗಾಳಿ ಸೇರಿದ ಗಾಡಿ ಸ್ಟಾರ್ಟ್ ಆಗಲು ಕಾಡಿಸುತ್ತದೆ; ದಾರಿ ಕಟ್ಟಿಕೊಂಡ ಗಾಡಿ ಎಳೆಯಲು ಕಾಡಿಸುತ್ತದೆ. ಖಾಲಿ ರಸ್ತೆಯಲ್ಲಿ ಸರಿ, ಜನ ತುಂಬಿ ಏರು ಹತ್ತುವಾಗ ಪಿಕಪ್ ಇಲ್ಲ. ಎಕ್ಸಲರೇಟರ್ ಪೂರ್ತಿ ಒತ್ತಿದರೂ ಕರಿ ಹೊಗೆ ಕಾಣುವುದಿಲ್ಲ ಎಂಬುದು ಇಲ್ಲಿನ ಮುಖ್ಯ ಸುಳಿವು. ಡೀಸೆಲ್ಲೇ ಇಲ್ಲದ ಮೇಲೆ ಹೊಗೆ ಎಲ್ಲಿಂದ ಬರಬೇಕು?

ಹತ್ತಿಪ್ಪತ್ತು ಕಿಲೋಮೀಟರ್ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸ್ಟಾರ್ಟ್ ಆಗುವ ಗಾಡಿಯಲ್ಲಿ ಟ್ಯಾಂಕಿನ ಮುಚ್ಚಳ ತೆರೆದು ನೋಡಬೇಕು. ಒಳಕ್ಕೆ ಗಾಳಿ ಎಳೆದುಕೊಳ್ಳುವ ‘ಸುಸ್’ ಶಬ್ದ ಬಂದರೆ ಟ್ಯಾಂಕಿನ ಉಸಿರು ಕಿಂಡಿ ಮಣ್ಣಿನಿಂದ ಮುಚ್ಚಿದೆ. ಶಬ್ದ ಬಾರದಿದ್ದರೆ ಟ್ಯಾಂಕಿನ ತಳದಲ್ಲಿ ತೇಲಾಡುವ ಕಸ ಹೀರುವ ಜಾಲರಿಗೆ ಅಂಟಿ, ಎಂಜಿನ್ ನಿಂತಾಗ ಬಿಟ್ಟುಕೊಳ್ಳುತ್ತಿರಬಹುದು. ಪೈಪಿಗೆ ಹಿಂದಿನಿಂದ ಗಾಳಿ ಊದಿದರೆ ಅಂದಿನ ಮಟ್ಟಿಗೆ ವಾಸಿ. ಟ್ಯಾಂಕ್ ಇಳಿಸಿ ತೊಳೆಯದೆ ಖಾಯಂ ಪರಿಹಾರವಿಲ್ಲ. ಫೀಡ್ ಪಂಪಿನ ಬಾಯಲ್ಲೋ ಪೈಪನ್ನು ಹಿಡಿದಿಡುವ ಟೊಳ್ಳು ಬ್ಯಾಂಜೊ ಬೋಲ್ಟಿನೊಳಗೋ ಇರುವ ಪುಟ್ಟ ಜಾಲರಿಯನ್ನು ಮರೆಯುವುದು ಸಾಮಾನ್ಯ. ಅದಿದೆ ಎಂದೇ ಕೆಲವರಿಗೆ ಗೊತ್ತಿರುವುದಿಲ್ಲ.

ಈ ಎಲ್ಲ ಅನುಮಾನಗಳನ್ನು ಒಂದೇ ಏಟಿಗೆ ಬಗೆಹರಿಸುವುದು ಕ್ಯಾನ್ ಪರೀಕ್ಷೆ. ಐದು ಲೀಟರಿನ ಶುದ್ಧ ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಕೊಂಚ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಪಂಪಿಗೆ ಬರುವ ಪೈಪನ್ನೂ ವಾಪಸ್ ಪೈಪನ್ನೂ ಅದಕ್ಕೇ ಬಿಡಬೇಕು. ಬಿಸಿ ಸೈಲೆನ್ಸರಿನಿಂದ ದೂರವಿರಲಿ. ಈಗ ಗಾಡಿ ಸರಿಯಾಗಿ ಓಡಿದರೆ ಪಂಪು, ನಾಝಲ್ ನಿರ್ದೋಷಿಗಳು, ದೋಷ ಹಿಂದಿದೆ. ಓಡದಿದ್ದರೆ ಟ್ಯಾಂಕು, ಪೈಪು, ಫಿಲ್ಟರ್‌ಗಳನ್ನು ಬಿಟ್ಟು ಮುಂದೆ ನೋಡಬಹುದು. ಪಂಪು ಬಿಚ್ಚಲು ಅಪ್ಪಣೆ ಕೊಡುವ ಮುನ್ನ ಯಾವ ಮಾಲೀಕನಾದರೂ ಕೇಳಿ ಮಾಡಿಸಬೇಕಾದ ಪರೀಕ್ಷೆ ಇದು.

ನೀರು, ಸೀಮೆಎಣ್ಣೆ, ಹೊಸ ಡೀಸೆಲ್

ಮುಂಗಾರು ಹಿಡಿದ ಮೇಲೆ ಕೊಡಗಿನ ಅಂಚಿನ ಊರುಗಳಲ್ಲಿ ಡೀಸೆಲಿಗೆ ನೀರು ಸೇರುವುದು ಹೆಚ್ಚು. ಅರ್ಧ ಖಾಲಿಯಿರುವ ಟ್ಯಾಂಕಿನ ಗೋಡೆಯ ಮೇಲೆ ತೇವ ಕಟ್ಟುತ್ತದೆ. ಅದಕ್ಕಿಂತ ದೊಡ್ಡ ಕಾರಣ ಹೊಲಮನೆಯ ಕ್ಯಾನು, ಡ್ರಮ್ಮು. ಟಿಲ್ಲರಿಗೆ, ಪಂಪ್‌ಸೆಟ್ಟಿಗೆ ತಂದಿಟ್ಟ ಡೀಸೆಲನ್ನೇ ಜೀಪಿಗೂ ಸುರಿಯುವುದು ರೂಢಿ. ಹಳೆಯ ಪಂಚೆಯಲ್ಲಿ ಸೋಸಿದರೆ ನೀರು ನಿಲ್ಲುವುದಿಲ್ಲ, ಬಟ್ಟೆಯ ನಾರು ಮಾತ್ರ ಟ್ಯಾಂಕಿಗೆ ಹೋಗುತ್ತದೆ. ಫಿಲ್ಟರಿನ ತಳದ ತಿರುಪಿನಿಂದ ಒಂದಿಷ್ಟನ್ನು ಗಾಜಿನ ಸೀಸೆಗೆ ಹಿಡಿದು ಅರ್ಧ ಗಂಟೆ ಬಿಟ್ಟರೆ ನೀರು ತಳಕ್ಕೆ ಇಳಿದು ಗೆರೆ ಕಾಣುತ್ತದೆ. ನೀರೂ ಡೀಸೆಲೂ ಸೇರುವ ಗೆರೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕಪ್ಪು ಲೋಳೆ, ಹಂಗಾಮು ಮುಗಿದು ತಿಂಗಳುಗಟ್ಟಲೆ ನಿಂತ ಗಾಡಿಗಳ ಫಿಲ್ಟರಿನಲ್ಲಿ ಸಿಗುತ್ತದೆ.

ರೋಟರಿ ಪಂಪಿಗೆ ಡೀಸೆಲ್ಲೇ ಆಯಿಲ್. ಸಾಲು ಪಂಪಿನ ಕ್ಯಾಮಿಗೆ ಬೇರೆ ಆಯಿಲ್ ಇರುತ್ತದೆ, ರೋಟರಿಗೆ ಇಲ್ಲ. ಆದ್ದರಿಂದ ಸೀಮೆಎಣ್ಣೆ ಬೆರೆತ ಡೀಸೆಲ್ ರೋಟರಿ ಪಂಪನ್ನು ಬೇಗ ಸವೆಸುತ್ತದೆ. ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದುದೇ ಕಲಬೆರಕೆ ತಡೆಯಲು, ಆದರೂ ಕಣ್ಣಂದಾಜಿನಲ್ಲಿ ಅದನ್ನು ಹಿಡಿಯುವುದು ಕಷ್ಟ. ಬಂಕಿನಲ್ಲಿ ಫಿಲ್ಟರ್ ಕಾಗದದ ಪರೀಕ್ಷೆ ಪೆಟ್ರೋಲಿಗೆ ಮಾತ್ರ. ಡೀಸೆಲಿಗೆ ಸಾಂದ್ರತೆಯ ಪರೀಕ್ಷೆ ಕೇಳಬೇಕು.

2017ರ ಏಪ್ರಿಲಿನಿಂದ ದೇಶದಾದ್ಯಂತ ಬಿಎಸ್ 4, 2020ರ ಏಪ್ರಿಲಿನಿಂದ ಬಿಎಸ್ 6 ಡೀಸೆಲ್ ಬಂತು. ಗಂಧಕದ ಮಿತಿ 50 ಪಿಪಿಎಮ್‌ನಿಂದ 10ಕ್ಕೆ ಇಳಿಯಿತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲಿನ ಸಹಜ ಜಾರುಗುಣವೂ ತಗ್ಗುತ್ತದೆ. ಅದನ್ನು ತುಂಬಲು ರಿಫೈನರಿಯಲ್ಲೇ ರಾಸಾಯನಿಕ ಸೇರಿಸುತ್ತಾರೆ. ಹಾಗಾಗಿ ಹೊಸ ಡೀಸೆಲ್ ಹಳೆಯ ಪಂಪನ್ನು ತಿಂದುಹಾಕುತ್ತದೆ ಎಂಬ ಗಾಬರಿಗೆ ಆಧಾರ ಕಡಿಮೆ. ಸೀಲುಗಳ ವಿಷಯ ಬೇರೆ. ದಶಕಗಳ ಕಾಲ ಹಳೆಯ ಡೀಸೆಲಿನಲ್ಲಿ ಉಬ್ಬಿ ಕೂತ ರಬ್ಬರ್ ಸೀಲು ಇಂಧನದ ಗುಣ ಬದಲಾದಾಗ ಕುಗ್ಗಿ ಸೋರಬಹುದು. ಹೊಂಗೆ ಎಣ್ಣೆಯ ಬಯೋಡೀಸೆಲ್ ಬಗ್ಗೆಯೂ ಎಚ್ಚರ ಬೇಕು. ಹಾಸನ ಜಿಲ್ಲೆಯ ಮಡೆನೂರಿನ ಜೈವಿಕ ಇಂಧನ ಉದ್ಯಾನದಿಂದಾಗಿ ಈ ಸೀಮೆಗೆ ಅದರ ಹೆಸರು ಪರಿಚಿತ. ಬಯೋಡೀಸೆಲ್ ಒಳ್ಳೆಯ ಜಾರುಗುಣದ್ದು, ಆದರೆ ಹಳೆಯ ಟ್ಯಾಂಕಿನ ಗಷ್ಟನ್ನು ಕರಗಿಸಿ ಒಮ್ಮೆಲೇ ಫಿಲ್ಟರಿಗೆ ತರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ.

ಪಂಪು ಮತ್ತು ನಾಝಲ್

ಇಷ್ಟೆಲ್ಲ ಆದ ಮೇಲೂ ದೋಷ ಉಳಿದರೆ ಪಂಪಿನ ಸರದಿ. ಸವೆದ ರೋಟರಿ ಪಂಪಿನ ಲಕ್ಷಣ ವಿಚಿತ್ರ: ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೆ, ಬಿಸಿಯಾಗಿ ನಿಲ್ಲಿಸಿದ ಮೇಲೆ ಆಗುವುದಿಲ್ಲ. ಬಿಸಿಗೆ ತೆಳುವಾದ ಡೀಸೆಲ್ ಸವೆದ ಸಂದಿನಲ್ಲಿ ಜಾರಿ ಒತ್ತಡ ಏರುವುದಿಲ್ಲ. ಎಂಜಿನ್ ನಿಂತಿರುವಾಗ ಪಂಪಿನ ತಲೆಗೆ ಒದ್ದೆ ಬಟ್ಟೆ ಸುತ್ತಿ, ತಣಿದ ಮೇಲೆ ಸ್ಟಾರ್ಟ್ ಆದರೆ ರೋಟರ್ ಸವೆದಿರುವುದು ಖಚಿತ. ಓಡುತ್ತಿರುವ ಪಂಪಿನ ಮೇಲೆ ನೀರು ಸುರಿದರೆ ಅದು ಸಿಕ್ಕಿಹಾಕಿಕೊಂಡು ಮುರಿಯಬಹುದು. ಇತ್ತೀಚೆಗೆ ಕೈಯಾಡಿಸಿದ ಪಂಪಿನಲ್ಲಿ ವಾಪಸ್ ಬದಿಯ ಬ್ಯಾಂಜೊ ಬೋಲ್ಟನ್ನೂ ನೋಡಬೇಕು. ಅದರ ತೂತು ಬೇಕೆಂದೇ ಚಿಕ್ಕದು. ಒಳಬರುವ ಬೋಲ್ಟಿನೊಂದಿಗೆ ಅದಲುಬದಲಾದರೆ ಚೆನ್ನಾಗಿರುವ ಪಂಪೂ ಕೆಟ್ಟಂತೆ ಕಾಣುತ್ತದೆ.

ಅಂಬಾಸಿಡರ್ ಮಾಲೀಕರು ಆಯಿಲ್ ಸ್ಟಿಕ್ ತೆಗೆದು ಮೂಸಬೇಕು. ಫೀಡ್ ಪಂಪಿನ ಡಯಾಫ್ರಮ್ ಹರಿದರೆ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಮಟ್ಟ ತಾನೇ ಏರುತ್ತಿದ್ದರೆ ಸಂತೋಷಪಡುವಂಥದ್ದೇನಿಲ್ಲ. ತೆಳುವಾದ ಆಯಿಲಿನಿಂದ ಬೇರಿಂಗ್ ಹೋಗಬಹುದು, ಅಥವಾ ಆ ಮಿಶ್ರಣವನ್ನೇ ಕುಡಿದು ಎಂಜಿನ್ ಹಿಡಿತ ತಪ್ಪಿ ಓಡಬಹುದು.

ಒಂದು ಸಿಲಿಂಡರ್ ಮಿಸ್ಸಿಂಗ್ ಇದ್ದರೆ, ಎಂಜಿನ್ ಐಡ್ಲಿಂಗಿನಲ್ಲಿರುವಾಗ ನಾಝಲ್ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿಯಬೇಕು. ಸಡಿಲಿಸಿದಾಗ ಎಂಜಿನ್ ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಬದಲಾಗದಿದ್ದರೆ ಅದೇ ಕಳ್ಳ. ಬಡಿತದ ಸದ್ದು ನಿಂತರೆ ಅಲ್ಲಿನ ನಾಝಲ್ ತೊಟ್ಟಿಕ್ಕುತ್ತಿದೆ. ಟೆಸ್ಟರಿನ ಮೇಲೆ ನಾಝಲ್ ತೆಳು ಮಂಜಿನಂತೆ ಸಿಂಪಡಿಸಿ, ಕರಕರ ಸದ್ದು ಮಾಡಿ, ತುದಿ ಒಣಗಿಯೇ ಇರಬೇಕು. ಇಂಡಿಕಾದಂಥ ಪರೋಕ್ಷ ಇಂಜೆಕ್ಷನ್ನಿನ ಎಂಜಿನ್ನುಗಳಲ್ಲಿ ನಾಝಲ್ ತೆರೆಯುವ ಒತ್ತಡ ಸಾಮಾನ್ಯವಾಗಿ 100ರಿಂದ 150 ಬಾರ್. ನೇರ ಇಂಜೆಕ್ಷನ್ನಿನವುಗಳಲ್ಲಿ 200 ಬಾರ್ ಆಸುಪಾಸು ಅಥವಾ ಹೆಚ್ಚು. ಇಷ್ಟು ಒತ್ತಡದ ಸಿಂಪಡಿಕೆ ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆರಳು ಕಳೆದುಕೊಳ್ಳುವ ಸಂಭವವಿದೆ.

ಪಂಪು ಇಳಿಸಲೇಬೇಕಾದರೆ ಪಂಪಿನ ಮೈಗೂ ಎಂಜಿನ್ನಿಗೂ ಅಡ್ಡಲಾಗಿ ಉಳಿಯಿಂದ ಗುರುತು ಗೀರಿಕೊಳ್ಳಬೇಕು. ಟೈಮಿಂಗ್ ಮುಂದಾದರೆ ಬಡಿತ, ಹಿಂದಾದರೆ ಬಿಳಿ ಹೊಗೆ.

ಕಾಮನ್ ರೈಲ್ ಗಾಡಿಗಳು

ಎಲ್ಲ ಇಂಜೆಕ್ಟರುಗಳಿಗೂ ‘ರೈಲ್’ ಎಂಬ ಒಂದೇ ಒತ್ತಡದ ಕೊಳವೆಯಿಂದ ಡೀಸೆಲ್ ಕೊಡುವ, 2000ದ ದಶಕದಲ್ಲಿ ಬಂದ ಕಾಮನ್ ರೈಲ್ ಕಾರುಗಳೂ ಈಗ ಹಳೆಯವೇ. 2007ರ ಸ್ವಿಫ್ಟ್ ಡೀಸೆಲ್ ಅಂಥದ್ದು. ಟ್ಯಾಂಕಿನಿಂದ ಫಿಲ್ಟರಿನವರೆಗಿನ ತಪಾಸಣೆ ಇವಕ್ಕೂ ಹೊಂದುತ್ತದೆ. ನಟ್ಟು ಸಡಿಲಿಸುವ ಪರೀಕ್ಷೆಯನ್ನು ಮಾತ್ರ ಇಲ್ಲಿ ಮಾಡಲೇಬಾರದು. ರೈಲಿನ ಒತ್ತಡ ಸಾವಿರ ಬಾರ್ ಮೀರುತ್ತದೆ, ಎಂಜಿನ್ ನಿಲ್ಲಿಸಿದ ಮೇಲೂ ಕೆಲಕಾಲ ಉಳಿದಿರಬಹುದು. ಅದರ ಬದಲು ಪ್ರತಿ ಇಂಜೆಕ್ಟರಿನ ವಾಪಸ್ ಪೈಪನ್ನು ಒಂದೊಂದು ಅಳತೆಯ ಸೀಸೆಗೆ ಬಿಟ್ಟು ಎಂಜಿನ್ ಓಡಿಸುತ್ತಾರೆ. ಉಳಿದವುಗಳಿಗಿಂತ ಬೇಗ ತುಂಬುವ ಸೀಸೆಯ ಇಂಜೆಕ್ಟರ್ ಒಳಗೆ ಸವೆದಿದೆ. ಅದು ಡೀಸೆಲನ್ನು ಹಿಂದಕ್ಕೆ ಬಿಟ್ಟುಕೊಡುವುದರಿಂದಲೇ ಸೆಲ್ಫ್ ಹೊಡೆಯುವಾಗ ರೈಲಿನಲ್ಲಿ ಒತ್ತಡ ಏರುವುದಿಲ್ಲ, ಗಾಡಿಯ ಕಂಪ್ಯೂಟರ್ ಇಂಜೆಕ್ಟರುಗಳನ್ನು ತೆರೆಯಲು ಬಿಡುವುದಿಲ್ಲ.